ರಾ ಫೋಟೋ ಬಂತು, ಎಡಿಟ್ ಎಲ್ಲಿ ಹೋಯ್ತು?

ಹಾಸನ, ಚಿಕ್ಕಮಗಳೂರಿನ ಸ್ಟುಡಿಯೋಗಳಲ್ಲಿ ಈಚೆಗೆ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತಿದೆ. ಮದುವೆ ಫೋಟೋಗಳನ್ನು ಇಲ್ಲಿ ಕೂತು ರಾತ್ರಿಯೆಲ್ಲ ಎಡಿಟ್ ಮಾಡಿರುತ್ತಾರೆ. ರಾ ಫೈಲುಗಳನ್ನು ಹಾರ್ಡ್‌ಡಿಸ್ಕಿಗೆ ಹಾಕಿ ಬೆಂಗಳೂರಿನ ಆಲ್ಬಮ್ ಡಿಸೈನರ್‌ಗೆ ಕಳಿಸಿರುತ್ತಾರೆ. ಮಾರನೇ ದಿನ ಅಲ್ಲಿಂದ ಫೋನ್ ಬರುತ್ತದೆ: "ಸರ್, ಕಲರ್ ಕರೆಕ್ಷನ್ನೇ ಮಾಡಿಲ್ವಲ್ಲ?"

ಇನ್ನು ಕೆಲವರು ಸಾಫ್ಟ್‌ವೇರನ್ನೇ ಬದಲಿಸುತ್ತಿದ್ದಾರೆ. ತಿಂಗಳ ಚಂದಾ ಭಾರವಾಗುತ್ತಿದೆ ಎನ್ನುವುದು ಅವರ ಕಾರಣ. 2025ರ ಜನವರಿಯಲ್ಲಿ ಫೋಟೋಶಾಪ್, ಲೈಟ್‌ರೂಮ್ ಮಾಡುವ ಅಡೋಬಿ ಕಂಪನಿ ತನ್ನ ಅಗ್ಗದ 20 ಜಿಬಿ ಫೋಟೋಗ್ರಫಿ ಪ್ಲ್ಯಾನನ್ನು ಹೊಸ ಗ್ರಾಹಕರಿಗೆ ಕೊಡುವುದನ್ನು ನಿಲ್ಲಿಸಿತು. ಆಮೇಲೆ ಡಾರ್ಕ್‌ಟೇಬಲ್, ರಾಥೆರಪಿಯಂಥ ಉಚಿತ ಸಾಫ್ಟ್‌ವೇರ್‌ಗಳ ಮಾತು ಜಾಸ್ತಿಯಾಗಿದೆ. ಆದರೆ ಹೊಸದನ್ನು ಹಾಕಿಕೊಂಡು ಹಳೆಯ ಫೋಲ್ಡರ್ ತೆರೆದರೆ ವರ್ಷಗಟ್ಟಲೆ ಮಾಡಿದ ಕೆಲಸವೇ ಕಾಣುವುದಿಲ್ಲ. ಫೋಟೋಗಳೆಲ್ಲ ಕ್ಯಾಮೆರಾದಿಂದ ಆಗಷ್ಟೇ ಇಳಿಸಿದ ಹಾಗೆ ಸಪ್ಪೆಯಾಗಿರುತ್ತವೆ.

ಎಡಿಟ್ ಕಳೆದುಹೋಗಿಲ್ಲ. ಅದು ಆ ಫೈಲಿನ ಒಳಗೆ ಇರಲೇ ಇಲ್ಲ. ಇದು ಹೇಗೆ ಅಂತ ತಿಳಿಯಬೇಕಾದರೆ ರಾ ಫೈಲು ಏನು ಅನ್ನುವುದರಿಂದ ಶುರು ಮಾಡಬೇಕು.

## ರಾ ಫೈಲು ಇನ್ನೂ ಫೋಟೋ ಆಗಿಲ್ಲ

ಕ್ಯಾಮೆರಾದ ಸೆನ್ಸರ್ ಮೇಲೆ ಬೆಳಕನ್ನು ಅಳೆಯುವ ಕೋಟಿಗಟ್ಟಲೆ ಚುಕ್ಕಿಗಳಿರುತ್ತವೆ. ಒಂದೊಂದು ಚುಕ್ಕಿಯ ಮೇಲೂ ಒಂದು ಬಣ್ಣದ ಫಿಲ್ಟರ್ ಇರುತ್ತದೆ: ಕೆಂಪು, ಹಸಿರು ಇಲ್ಲವೇ ನೀಲಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಅರ್ಧದಷ್ಟು ಚುಕ್ಕಿಗಳು ಹಸಿರು, ಕಾಲು ಭಾಗ ಕೆಂಪು, ಉಳಿದ ಕಾಲು ನೀಲಿ. ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಕಂಡುಹಿಡಿದ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಅದೇ ನಡೆಯುತ್ತಿದೆ.

ಅಂದರೆ ಪ್ರತಿ ಚುಕ್ಕಿಗೂ ಗೊತ್ತಿರುವುದು ಒಂದೇ ಬಣ್ಣ. ಉಳಿದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಲೆಕ್ಕ ಹಾಕಿ ತುಂಬಬೇಕು. ಈ ಲೆಕ್ಕ ಮುಗಿಯುವವರೆಗೆ ಅದು ಚಿತ್ರವಲ್ಲ, ಬರೀ ಅಳತೆಗಳ ಪಟ್ಟಿ. ಆ ಪಟ್ಟಿಯನ್ನು ಇದ್ದಹಾಗೇ ಉಳಿಸಿಕೊಂಡ ಫೈಲೇ ರಾ. ನಿಕಾನ್‌ನಲ್ಲಿ ಇದರ ಹೆಸರು ಎನ್‌ಇಎಫ್, ಕ್ಯಾನನ್‌ನಲ್ಲಿ ಸಿಆರ್2 ಅಥವಾ ಸಿಆರ್3, ಸೋನಿಯಲ್ಲಿ ಎಆರ್‌ಡಬ್ಲ್ಯೂ, ಫ್ಯೂಜಿಯಲ್ಲಿ ಆರ್‌ಎಎಫ್.

ಜೆಪೆಗ್ ಇದ್ದರೆ ಸಾಲದಾ, ರಾ ಯಾಕೆ ಬೇಕು? ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳು ಮಾತ್ರ. 14 ಬಿಟ್ ರಾ ಫೈಲಿನಲ್ಲಿ 16,384. ಕತ್ತಲಲ್ಲಿ ಮುಚ್ಚಿಹೋದ ಮುಖವನ್ನು ಎತ್ತಿ ತೋರಿಸುವಾಗ, ಛತ್ರದ ಹಳದಿ ಲೈಟಿನಲ್ಲಿ ತೆಗೆದ ಧಾರೆ ಸೀರೆಯ ಬಣ್ಣ ಸರಿ ಮಾಡುವಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಒಂದು ವಿಷಯವನ್ನು ನೀವೂ ಗಮನಿಸಿರಬಹುದು. ರಾ ಫೋಟೋವನ್ನು ಸಾಫ್ಟ್‌ವೇರ್‌ನಲ್ಲಿ ತೆರೆದ ಕೂಡಲೇ ಚೆನ್ನಾಗಿ ಕಾಣುತ್ತದೆ, ಒಂದೆರಡು ಸೆಕೆಂಡಿನಲ್ಲಿ ಬಣ್ಣ ಬದಲಾಗಿ ಮಂಕಾಗುತ್ತದೆ. ಕಾರಣ ಇಷ್ಟೇ. ಕ್ಯಾಮೆರಾ ತಾನು ಮಾಡಿದ ಒಂದು ಜೆಪೆಗ್ಗನ್ನು ರಾ ಫೈಲಿನೊಳಗೇ ಇಟ್ಟಿರುತ್ತದೆ. ಸಾಫ್ಟ್‌ವೇರ್ ಮೊದಲು ಅದನ್ನು ತೋರಿಸುತ್ತದೆ. ಆಮೇಲೆ ಅಳತೆಗಳನ್ನು ಓದಿ, ತನ್ನದೇ ಲೆಕ್ಕದಲ್ಲಿ ಚಿತ್ರ ಮಾಡಿ ಅದರ ಜಾಗದಲ್ಲಿ ಇಡುತ್ತದೆ. ಒಂದೇ ರಾ ಫೈಲಿನಿಂದ ಎರಡು ಬೇರೆ ಚಿತ್ರ ಹುಟ್ಟುವುದನ್ನು ನೀವು ಅಲ್ಲೇ ನೋಡಿರುತ್ತೀರಿ.

## ಎಡಿಟ್ ಕೂತಿರುವುದು ಬೇರೆ ಕಡೆ

ಲೈಟ್‌ರೂಮ್, ಕ್ಯಾಪ್ಚರ್ ಒನ್, ಡಾರ್ಕ್‌ಟೇಬಲ್ ಯಾವುದೇ ಇರಲಿ, ರಾ ಫೈಲಿನ ಅಳತೆಗಳನ್ನು ಮುಟ್ಟುವುದಿಲ್ಲ. ನೀವು ಸ್ಲೈಡರ್ ಎಳೆದಾಗ ಆಗುವುದು ಒಂದು ಬರವಣಿಗೆ ಮಾತ್ರ: "ಬೆಳಕು ಇಷ್ಟು ಏರಿಸು, ಇಲ್ಲಿ ಕತ್ತರಿಸು, ಹಸಿರನ್ನು ಸ್ವಲ್ಪ ತಗ್ಗಿಸು." ಫೋಟೋ ತೆರೆದಾಗಲೆಲ್ಲ ಸಾಫ್ಟ್‌ವೇರ್ ಆ ಸೂಚನೆಗಳನ್ನು ಓದಿ ಹೊಸದಾಗಿ ಚಿತ್ರ ಮಾಡಿ ತೋರಿಸುತ್ತದೆ.

ಬ್ಲೌಸ್ ಹೊಲಿಯಲು ಕೊಟ್ಟಾಗ ಟೈಲರ್ ಬಟ್ಟೆಗೆ ಒಂದು ಚೀಟಿ ಪಿನ್ ಮಾಡುತ್ತಾರಲ್ಲ, ಇದೂ ಹಾಗೆಯೇ. ಬಟ್ಟೆ ರಾ ಫೈಲು, ಚೀಟಿ ಎಡಿಟ್. ಆ ಬಟ್ಟೆ ಮತ್ತು ಚೀಟಿಯನ್ನು ಬೇರೆ ಟೈಲರ್ ಹತ್ತಿರ ಒಯ್ಯಿರಿ. ಉದ್ದ 14 ಇಂಚು ಅಂತಿದ್ದರೆ ಅವರಿಗೂ ಅರ್ಥವಾಗುತ್ತದೆ. ಹಳೆಯ ಟೈಲರ್ ತಮ್ಮ ಗುರುತಿಗೆ ಹಾಕಿಕೊಂಡ ಗೀಟು, ಅಡ್ಡಗೆರೆ ಮಾತ್ರ ಅರ್ಥವಾಗುವುದಿಲ್ಲ. ಚೀಟಿ ಬಿಟ್ಟು ಬರೀ ಬಟ್ಟೆ ಒಯ್ದರಂತೂ ಮೊದಲಿನಿಂದ ಅಳತೆ ತೆಗೆಯಬೇಕು.

ಬೆಂಗಳೂರಿನ ಡಿಸೈನರ್‌ಗೆ ಆದದ್ದು ಇದೇ. ಬಟ್ಟೆ ಹೋಯ್ತು, ಚೀಟಿ ಇಲ್ಲೇ ಉಳಿಯಿತು.

ಈ ಚೀಟಿ ಎಲ್ಲಿರುತ್ತದೆ ಅನ್ನುವುದು ಸಾಫ್ಟ್‌ವೇರಿಂದ ಸಾಫ್ಟ್‌ವೇರಿಗೆ ಬೇರೆ. ಲೈಟ್‌ರೂಮ್ ಕ್ಲಾಸಿಕ್ ಎಲ್ಲವನ್ನೂ ಕ್ಯಾಟಲಾಗ್ ಎನ್ನುವ ಒಂದೇ ದೊಡ್ಡ ಡೇಟಾಬೇಸ್ ಫೈಲಿನಲ್ಲಿ ಇಡುತ್ತದೆ. ನೀವು ಹೇಳಿದರೆ ಮಾತ್ರ ಒಂದೊಂದು ರಾ ಫೈಲಿನ ಪಕ್ಕದಲ್ಲೂ ಎಕ್ಸ್‌ಎಂಪಿ ಅನ್ನುವ ಚಿಕ್ಕ ಫೈಲು ಬರೆಯುತ್ತದೆ. ಇಂಥ ಪಕ್ಕದ ಫೈಲಿಗೆ ಸೈಡ್‌ಕಾರ್ ಎಂದು ಹೆಸರು. ಡಾರ್ಕ್‌ಟೇಬಲ್ ಡೇಟಾಬೇಸ್, ಸೈಡ್‌ಕಾರ್ ಎರಡನ್ನೂ ಬರೆಯುತ್ತದೆ. ರಾಥೆರಪಿಯ ಸೈಡ್‌ಕಾರ್ ಪಿಪಿ3, ಡಿಎಕ್ಸ್‌ಒ ಫೋಟೋಲ್ಯಾಬ್‌ನದು ಡಿಒಪಿ. ಒಂದಕ್ಕೊಂದು ಸಂಬಂಧವಿಲ್ಲ.

ಎಕ್ಸ್‌ಎಂಪಿಯನ್ನು ಅಡೋಬಿ 2001ರಲ್ಲಿ ತಂದಿತು. 2012ರಲ್ಲಿ ಅದು ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡವೂ ಆಯಿತು. ಹಾಗಾದರೆ ಎಲ್ಲರಿಗೂ ಅರ್ಥವಾಗಬೇಕಲ್ವಾ? ಇಲ್ಲೇ ತುಂಬ ಜನ ಎಡವುತ್ತಾರೆ. ಆ ಮಾನದಂಡ ಹೇಳುವುದು ಚೀಟಿಯನ್ನು ಯಾವ ರೂಪದಲ್ಲಿ ಬರೆಯಬೇಕು ಅಂತ ಮಾತ್ರ. ಅದರಲ್ಲಿ ಬರೆದ ಎಡಿಟ್ ಸೂಚನೆಗಳ ಅರ್ಥ ಆಯಾ ಕಂಪನಿಯದು.

## ಬೇಲೂರಿನ ಒಂದು ಫೋಟೋ

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಬೇಲೂರಿನ ಚೆನ್ನಕೇಶವ ದೇವಸ್ಥಾನದಲ್ಲಿ ಸೂರಿನ ಕೆಳಗಿರುವ ಒಂದು ಶಿಲಾಬಾಲಿಕೆಯ ಫೋಟೋ ಅಂದುಕೊಳ್ಳಿ. ಮಧ್ಯಾಹ್ನ, ಹಿಂದೆ ಬಿಳಿಚಿಕೊಂಡ ಆಕಾಶ, ಸೂರಿನ ನೆರಳಲ್ಲಿ ಮುಖ ಕಪ್ಪಾಗಿದೆ. ಲೈಟ್‌ರೂಮ್‌ನಲ್ಲಿ ಎಕ್ಸ್‌ಪೋಷರ್, ಅಂದರೆ ಒಟ್ಟು ಬೆಳಕು, ಅರ್ಧ ಸ್ಟಾಪ್ ಏರಿಸುತ್ತೀರಿ. ಆಕಾಶ ಉಳಿಸಲು ಹೈಲೈಟ್ಸ್ ಇಳಿಸುತ್ತೀರಿ. ನೆರಳು ತಿಳಿಯಾಗಲು ಶ್ಯಾಡೋಸ್ ಏರಿಸುತ್ತೀರಿ. ಪಕ್ಕದ ಬೇಡದ ಭಾಗವನ್ನು ಕ್ರಾಪ್ ಮಾಡುತ್ತೀರಿ. ಕೊನೆಗೆ ಬ್ರಷ್ ಹಿಡಿದು ಮುಖದ ಮೇಲೆ ಮಾತ್ರ ಸ್ವಲ್ಪ ಬೆಳಕು ಬಳಿಯುತ್ತೀರಿ.

ಈಗ ಆ ಫೋಟೋದ ಎಕ್ಸ್‌ಎಂಪಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಎಲ್ಲ ಅಕ್ಷರಗಳಲ್ಲೇ ಇದೆ: ಎಕ್ಸ್‌ಪೋಷರ್2012 ಅಂದರೆ +0.50, ಹೈಲೈಟ್ಸ್2012 ಅಂದರೆ -60, ಶ್ಯಾಡೋಸ್2012 ಅಂದರೆ +45. ಕ್ರಾಪ್ ಎಲ್ಲಿಂದ ಎಲ್ಲಿಗೆ ಅಂತ ದಶಾಂಶದಲ್ಲಿ ಬರೆದಿದೆ. ಬ್ರಷ್ ಗೀಚಿದ ದಾರಿ ಕೂಡ ಅಂಕಿಗಳ ಸಾಲಾಗಿ ಕೂತಿದೆ.

ಈ ಫೋಲ್ಡರನ್ನು ಡಾರ್ಕ್‌ಟೇಬಲ್‌ಗೆ ಕೊಡಿ. ಕ್ರಾಪ್ ಬರುತ್ತದೆ. ಎಕ್ಸ್‌ಪೋಷರ್ ಹೆಚ್ಚುಕಡಿಮೆ ಬರುತ್ತದೆ. ಹೈಲೈಟ್ಸ್, ಶ್ಯಾಡೋಸ್, ಬ್ರಷ್ ಬರುವುದಿಲ್ಲ. ಫಲಿತಾಂಶ ಏನು? ಬೆಳಕು ಏರಿತು, ಅದನ್ನು ಹಿಡಿದಿಟ್ಟ ಸೂಚನೆ ಬರಲಿಲ್ಲ. ಆಕಾಶ ಇನ್ನಷ್ಟು ಬೆಳ್ಳಗಾಯಿತು, ಶಿಲಾಬಾಲಿಕೆಯ ಮುಖ ಕತ್ತಲಲ್ಲೇ ಉಳಿಯಿತು. ಏನೂ ಬಾರದೇ ಇದ್ದಿದ್ದರೇ ವಾಸಿ ಅನ್ನಿಸುವ ಸ್ಥಿತಿ. ಅರ್ಧ ದಾಟಿದ ಎಡಿಟ್ ಬಗ್ಗೆ ಹೆಚ್ಚು ಎಚ್ಚರ ಬೇಕಾಗುವುದು ಇದಕ್ಕೇ.

## ಅದೇ ಅಂಕಿ ಹಾಕಿದರೂ ಬೇರೆ ಚಿತ್ರ ಯಾಕೆ?

"ಅಂಕಿ ಗೊತ್ತಿದೆಯಲ್ಲ, ಹೊಸ ಸಾಫ್ಟ್‌ವೇರ್‌ನಲ್ಲೂ ಹೈಲೈಟ್ಸ್ -60 ಹಾಕಿದರೆ ಆಯ್ತು" ಅನ್ನಿಸುವುದು ಸಹಜ. ಆಗುವುದಿಲ್ಲ.

ಎಕ್ಸ್‌ಪೋಷರ್‌ಗೆ ಒಂದು ಭೌತಿಕ ಅರ್ಥವಿದೆ. ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು, ಎಲ್ಲೇ ಹೋದರೂ ಅಷ್ಟೇ. ಟೈಲರ್ ಚೀಟಿಯಲ್ಲಿನ ಇಂಚು ಇದು. ಹೈಲೈಟ್ಸ್ -60 ಅನ್ನುವುದಕ್ಕೆ ಅಂಥ ಅರ್ಥವಿಲ್ಲ. ಎಲ್ಲಿಂದ ಮೇಲೆ "ಹೈಲೈಟ್" ಅನ್ನಬೇಕು, ಎಷ್ಟು ಮೆತ್ತಗೆ ಇಳಿಸಬೇಕು, ಅಂಚುಗಳನ್ನು ಹೇಗೆ ಕಾಪಾಡಬೇಕು ಅನ್ನುವುದನ್ನೆಲ್ಲ ಆಯಾ ಸಾಫ್ಟ್‌ವೇರ್ ಮಾಡಿದವರು ತಾವೇ ತೀರ್ಮಾನಿಸಿದ್ದಾರೆ. ಕ್ಲಾರಿಟಿ, ವೈಬ್ರೆನ್ಸ್, ಡೀಹೇಜ್ ಕೂಡ ಹಾಗೆಯೇ. ವ್ಯಾಪಾರಿ ಕಂಪನಿಗಳು ಈ ಲೆಕ್ಕಗಳನ್ನು ಹೊರಗೆ ಬಿಟ್ಟುಕೊಡುವುದೂ ಇಲ್ಲ.

ಸ್ಲೈಡರ್ ಮುಟ್ಟುವ ಮೊದಲೇ ದಾರಿಗಳು ಬೇರೆಯಾಗಿರುತ್ತವೆ. ಕಾಣದ ಎರಡು ಬಣ್ಣಗಳನ್ನು ತುಂಬುವ ಲೆಕ್ಕ ಬೇರೆ. ನಿಮ್ಮ ಕ್ಯಾಮೆರಾದ ಕೆಂಪು ಯಾವ ಕೆಂಪು ಅಂತ ಹೇಳುವ ಪ್ರೊಫೈಲ್ ಬೇರೆ. ಶುರುವಿನಲ್ಲೇ ಹಾಕುವ ಕಾಂಟ್ರಾಸ್ಟ್ ಬೇರೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವ ಕ್ರಮವೂ ಬೇರೆ. ಹೀಗಾಗಿ ವೈಟ್ ಬ್ಯಾಲೆನ್ಸ್ ಎರಡೂ ಕಡೆ 5500 ಕೆಲ್ವಿನ್ ಅಂತಿದ್ದರೂ ಮದುಮಗಳ ಮೈಬಣ್ಣ ಒಂದರಲ್ಲಿ ಬೆಚ್ಚಗೆ, ಇನ್ನೊಂದರಲ್ಲಿ ತುಸು ಹಸಿರಾಗಿ ಕಾಣಬಹುದು.

ಅಡೋಬಿಯ ಒಳಗೇ ಇದಕ್ಕೆ ಸಾಕ್ಷಿ ಇದೆ. ಮೇಲೆ ನೋಡಿದ ಹೆಸರುಗಳ ಕೊನೆಯಲ್ಲಿ 2012 ಅಂತ ಇತ್ತಲ್ಲ? ಆ ವರ್ಷ ಬಂದ ಲೈಟ್‌ರೂಮ್ 4ರಲ್ಲಿ ಅಡೋಬಿ ತನ್ನ ಲೆಕ್ಕವನ್ನೇ ಬದಲಿಸಿತು. ರಿಕವರಿ, ಫಿಲ್ ಲೈಟ್ ಎಂಬ ಹಳೆಯ ಸ್ಲೈಡರ್‌ಗಳು ಹೋಗಿ ಹೈಲೈಟ್ಸ್, ಶ್ಯಾಡೋಸ್ ಬಂದವು. ಹಳೆಯ ಫೋಟೋವನ್ನು ಹೊಸ ಲೆಕ್ಕಕ್ಕೆ ಏರಿಸಿದರೆ ನೋಟ ಬದಲಾಗುತ್ತದೆ. ಅದಕ್ಕೇ ಹಳೆಯ ಲೆಕ್ಕವನ್ನೂ ಅಡೋಬಿ ಇನ್ನೂ ಉಳಿಸಿಕೊಂಡಿದೆ. ಒಂದೇ ಮನೆಯೊಳಗೆ ಹೀಗಿರುವಾಗ ಬೇರೆ ಕಂಪನಿಯಿಂದ ಅದೇ ನೋಟ ಬಯಸುವುದು ಕಷ್ಟ.

## ದಾಟುವುದು ಯಾವುದು, ಉಳಿಯುವುದು ಯಾವುದು

ಲೈಟ್‌ರೂಮ್ ಕ್ಲಾಸಿಕ್‌ನಿಂದ ಫೋಟೋಶಾಪ್‌ನಲ್ಲಿ ರಾ ಫೈಲು ತೆರೆಯುವ ಕ್ಯಾಮೆರಾ ರಾ ಎಂಬ ಭಾಗಕ್ಕೆ ಹೋಗುವುದಾದರೆ ಚಿಂತೆಯಿಲ್ಲ. ಎರಡರ ಒಳಗೂ ಒಂದೇ ಎಂಜಿನ್ ಇದೆ. ಎಕ್ಸ್‌ಎಂಪಿ ಜೊತೆಗಿದ್ದು, ಎರಡೂ ಕಡೆ ಒಂದೇ ಕಾಲದ ಆವೃತ್ತಿ ಇದ್ದರೆ ಎಡಿಟ್ ಪೂರ್ತಿ ಬರುತ್ತದೆ. ಡಿಸೈನರ್ ಹತ್ತಿರ ತೀರ ಹಳೆಯ ಫೋಟೋಶಾಪ್ ಇದ್ದರೆ ಹೊಸ ಮಾಸ್ಕುಗಳು, ಅಂದರೆ ಫೋಟೋದ ಒಂದು ಭಾಗಕ್ಕೆ ಮಾತ್ರ ಎಡಿಟ್ ಹಾಕುವ ಗುರುತುಗಳು, ಅದಕ್ಕೆ ಗೊತ್ತಾಗುವುದಿಲ್ಲ.

ಬೇರೆ ಕಂಪನಿಗೆ ಹೋಗುವಾಗ ಚೆನ್ನಾಗಿ ದಾಟುವುದು ಫೋಟೋದ ಬಗೆಗಿನ ಮಾಹಿತಿ: ಸ್ಟಾರ್ ರೇಟಿಂಗ್, ಕೀವರ್ಡ್, ಶೀರ್ಷಿಕೆ, ಕಾಪಿರೈಟ್. ಇವುಗಳ ಅರ್ಥ ಎಲ್ಲರಿಗೂ ಒಂದೇ. ಸಾವಿರಾರು ಫೋಟೋಗಳಿಂದ ಆರಿಸಿ ಸ್ಟಾರ್ ಹಾಕಿದ ಶ್ರಮವಾದರೂ ಉಳಿಯುತ್ತದೆ, ಇದು ಸಣ್ಣ ಲಾಭವಲ್ಲ.

ಎಡಿಟ್‌ನಲ್ಲಿ ದಾಟುವುದು ಕಡಿಮೆ. ಕ್ಯಾಪ್ಚರ್ ಒನ್ ಲೈಟ್‌ರೂಮ್ ಕ್ಯಾಟಲಾಗನ್ನೇ ಓದಬಲ್ಲದು. ಕ್ರಾಪ್, ತಿರುಗಿಸಿದ್ದು, ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್, ಸ್ಯಾಚುರೇಷನ್, ಕಾಂಟ್ರಾಸ್ಟ್ ಇವನ್ನು ತನ್ನ ಲೆಕ್ಕಕ್ಕೆ ಹೊಂದಿಸಿಕೊಳ್ಳಲು ನೋಡುತ್ತದೆ. ಡಾರ್ಕ್‌ಟೇಬಲ್ ಎಕ್ಸ್‌ಎಂಪಿಯಿಂದ ಕ್ರಾಪ್, ಎಕ್ಸ್‌ಪೋಷರ್, ಟೋನ್ ಕರ್ವ್, ವಿನ್ಯೆಟ್‌ನಂಥ ಕೆಲವನ್ನು ಓದುತ್ತದೆ, ಅದೂ ಫೋಟೋವನ್ನು ಮೊದಲ ಸಲ ಸೇರಿಸಿಕೊಳ್ಳುವಾಗ ಮಾತ್ರ. ಬ್ರಷ್, ಮಾಸ್ಕ್, ಪ್ರೀಸೆಟ್ ಯಾವುದೂ ಇದ್ದಹಾಗೆ ಬರುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಲೈಟ್‌ರೂಮ್‌ನ ವರ್ಚುವಲ್ ಕಾಪಿ (ಒಂದೇ ಫೋಟೋದ ಇನ್ನೊಂದು ಎಡಿಟ್) ಮತ್ತು ಕಲೆಕ್ಷನ್‌ಗಳು (ಆರಿಸಿಟ್ಟ ಫೋಟೋಗಳ ಗುಂಪುಗಳು) ಕ್ಯಾಟಲಾಗ್ ಒಳಗೆ ಮಾತ್ರ ಇರುತ್ತವೆ, ಎಕ್ಸ್‌ಎಂಪಿಗೆ ಇಳಿಯುವುದೇ ಇಲ್ಲ. ಒಂದೇ ಫೋಟೋಗೆ ಕಲರ್ ಒಂದು, ಕಪ್ಪು ಬಿಳುಪು ಒಂದು ಮಾಡಿಟ್ಟವರು ಇದನ್ನು ನೆನಪಿಡಬೇಕು.

## ಡಿಎನ್‌ಜಿ ಮಾಡಿದರೆ ಸಾಕಾ?

"ಎಲ್ಲವನ್ನೂ ಡಿಎನ್‌ಜಿಗೆ ಬದಲಿಸಿಬಿಡಿ, ಎಲ್ಲ ಕಡೆ ಓಡುತ್ತೆ" ಅನ್ನುವ ಸಲಹೆ ಸ್ಟುಡಿಯೋಗಳಲ್ಲಿ ಸುತ್ತಾಡುತ್ತಿದೆ. ಅದು ಅರ್ಧ ನಿಜ. ಡಿಎನ್‌ಜಿ 2004ರಲ್ಲಿ ಅಡೋಬಿ ತಂದ ಮುಕ್ತ ರಾ ರೂಪ. ಅದರಲ್ಲಿ ಸೆನ್ಸರ್ ಅಳತೆಗಳು ಎಲ್ಲರಿಗೂ ಗೊತ್ತಿರುವ ರೀತಿಯಲ್ಲಿ ಇರುತ್ತವೆ. ಚೀಟಿಯೂ ಫೈಲಿನೊಳಗೇ ಸೇರಿಕೊಳ್ಳುವುದರಿಂದ ತಪ್ಪಿಹೋಗುವ ಭಯವಿಲ್ಲ. ಆದರೆ ಚೀಟಿಯ ಭಾಷೆ ಅಡೋಬಿಯದೇ. ಬೇರೆ ಸಾಫ್ಟ್‌ವೇರ್‌ಗೆ ಅದು ಮೊದಲಿನಷ್ಟೇ ಅರ್ಥವಾಗುತ್ತದೆ, ಜಾಸ್ತಿ ಅಲ್ಲ. ಸುಮ್ನೆ ಇದಕ್ಕೋಸ್ಕರವೇ ಎಲ್ಲ ಫೈಲುಗಳನ್ನು ಬದಲಿಸುವ ಅಗತ್ಯವಿಲ್ಲ.

## ನೋಟವನ್ನೇ ಒಯ್ಯಬೇಕಾದರೆ ಟಿಫ್

ಚೀಟಿ ದಾಟುವುದಿಲ್ಲ ಅಂದಮೇಲೆ ಉಳಿಯುವ ದಾರಿ, ಹೊಲಿದು ಮುಗಿಸಿದ ಬ್ಲೌಸನ್ನೇ ಒಯ್ಯುವುದು. ಅಂದರೆ ಎಡಿಟ್ ಮಾಡಿದ ಚಿತ್ರವನ್ನು ಟಿಫ್ ಅಥವಾ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡುವುದು. ಆಗ ಪ್ರತಿ ಚುಕ್ಕಿಗೂ ಮೂರೂ ಬಣ್ಣ ಸೇರಿಕೊಂಡಿರುತ್ತದೆ, ಲೆಕ್ಕ ಹಾಕಲು ಏನೂ ಉಳಿದಿರುವುದಿಲ್ಲ. ಬಣ್ಣದ ಪ್ರೊಫೈಲ್ ಓದುವ ಯಾವ ಸಾಫ್ಟ್‌ವೇರ್‌ನಲ್ಲಿ ತೆರೆದರೂ ಅದೇ ಚಿತ್ರ.

ಮುಂದೆ ಇನ್ನೂ ಕೆಲಸ ಇದ್ದರೆ 16 ಬಿಟ್ ಟಿಫ್ ಸರಿ. ಬೆಲೆ ಮಾತ್ರ ಜಾಗದಲ್ಲಿ ಕೊಡಬೇಕು. 24 ಮೆಗಾಪಿಕ್ಸೆಲ್ ಫೋಟೋದಲ್ಲಿ 6000 × 4000 ಚುಕ್ಕಿಗಳು. ಒಂದೊಂದಕ್ಕೆ ಮೂರು ಬಣ್ಣ, ಬಣ್ಣಕ್ಕೆ ಎರಡು ಬೈಟ್. ಒಟ್ಟು 144 ಎಂಬಿ. ಅದೇ ಫೋಟೋದ ಕಂಪ್ರೆಸ್ ಆದ ರಾ ಫೈಲು ಸುಮಾರು 25ರಿಂದ 30 ಎಂಬಿ. ಆಲ್ಬಮ್‌ಗೆ ಆರಿಸಿದ 500 ಫೋಟೋ ಟಿಫ್ ಮಾಡಿದರೆ 72 ಜಿಬಿ. ಹಾಗಾಗಿ ಇಡೀ ಮದುವೆಯನ್ನು ಟಿಫ್ ಮಾಡುವುದರಲ್ಲಿ ಅರ್ಥವಿಲ್ಲ, ಆರಿಸಿದವನ್ನು ಮಾಡಿದರೆ ಸಾಕು.

ಕಳೆದುಕೊಳ್ಳುವುದೂ ಇದೆ. ಟಿಫ್‌ನಲ್ಲಿ ವೈಟ್ ಬ್ಯಾಲೆನ್ಸ್ ಚಿತ್ರದೊಳಗೆ ಬೆರೆತುಹೋಗಿರುತ್ತದೆ. ಅಲ್ಪಸ್ವಲ್ಪ ತಿದ್ದಬಹುದು, ರಾ ಫೈಲಿನಷ್ಟು ಸಲೀಸಾಗಿ ಆಗುವುದಿಲ್ಲ. ಬಿಳಿಯಾಗಿ ಸುಟ್ಟುಹೋದ ಆಕಾಶ ಮತ್ತೆ ಬರುವುದಿಲ್ಲ. ಆದ್ದರಿಂದ ಟಿಫ್ ಮಾಡಿದಿರಿ ಅಂತ ರಾ ಅಳಿಸಬಾರದು.

ಬಣ್ಣದ ವ್ಯಾಪ್ತಿಯನ್ನೂ ಕೇಳಿಕೊಂಡು ಆರಿಸಿ. ಮುಂದೆ ಎಡಿಟ್ ಮಾಡುವವರಿಗೆ ಅಡೋಬಿ ಆರ್‌ಜಿಬಿ ಅಥವಾ ಪ್ರೋಫೋಟೋ ಆರ್‌ಜಿಬಿ, ಫೋನಿಗೆ, ವಾಟ್ಸಾಪ್‌ಗೆ ಎಸ್‌ಆರ್‌ಜಿಬಿ. ಪ್ರೋಫೋಟೋ ಟಿಫ್ಫನ್ನು ಬಣ್ಣದ ಪ್ರೊಫೈಲ್ ಓದದ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಬಣ್ಣಗಳು ಸತ್ತಂತೆ ಕಾಣುತ್ತವೆ. ಆಗ ಮತ್ತೆ ಅದೇ ಫೋನ್ ಬರುತ್ತದೆ.

ಮದುವೆ ಮನೆಯವರಿಗೂ ಒಂದು ಮಾತು. "ನಮಗೆ ರಾ ಫೋಟೋನೂ ಕೊಡಿ" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ರಾ ಸಿಕ್ಕಿದರೂ ಅದರಲ್ಲಿ ಫೋಟೋಗ್ರಾಫರ್ ಮಾಡಿದ ಬಣ್ಣ ಇರುವುದಿಲ್ಲ. ಫ್ರೇಮ್ ಹಾಕಿಸಲು, ನೆಂಟರಿಗೆ ಕಳಿಸಲು ಬೇಕಾದದ್ದು ಎಡಿಟ್ ಆದ ಪೂರ್ತಿ ಅಳತೆಯ ಜೆಪೆಗ್. ಅದನ್ನೇ ಕೇಳಿ.

## ಸಾಫ್ಟ್‌ವೇರೇ ನಿಂತುಹೋದರೆ

ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ. 2006ರಲ್ಲಿ ನಡೆಯಿತು, 2018ರಲ್ಲಿ ನಡೆಯಿತು, ಮುಂದಿನದು 2030ಕ್ಕೆ. ಅಂಥ ಫೋಟೋಗಳನ್ನು ಪತ್ರಿಕೆಗಳು, ಪುಸ್ತಕ ಮಾಡುವವರು ಮತ್ತೆ ಮತ್ತೆ ಕೇಳುತ್ತಾರೆ. ಈ 12 ವರ್ಷದ ಅಂತರದಲ್ಲಿ ಸಾಫ್ಟ್‌ವೇರ್ ಲೋಕ ಏನಾಗುತ್ತದೆ ನೋಡಿ.

2006ರ ಅಭಿಷೇಕದ ಹೊತ್ತಿಗೆ ಲೈಟ್‌ರೂಮ್‌ನ ಮೊದಲ ಆವೃತ್ತಿ ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಅದು ಬಂದದ್ದು 2007ರಲ್ಲಿ. ಮ್ಯಾಕ್ ಇದ್ದವರಿಗೆ ಆಪಲ್ ಕಂಪನಿಯ ಅಪರ್ಚರ್ ಇತ್ತು. 2014ರಲ್ಲಿ ಆಪಲ್ ಅದನ್ನು ನಿಲ್ಲಿಸುವುದಾಗಿ ಹೇಳಿತು. 2019ರ ಮ್ಯಾಕ್ ಕ್ಯಾಟಲೀನಾದಿಂದ ಅದು ತೆರೆಯುವುದೇ ಇಲ್ಲ. ಲೈಟ್‌ರೂಮ್‌ಗೆ ಬರಲು ಅಡೋಬಿ ಒಂದು ಪ್ಲಗಿನ್ ಕೊಟ್ಟಿತು. ರೇಟಿಂಗ್, ಕೀವರ್ಡ್ ಬಂದವು, ಎಡಿಟ್ ಬರಲಿಲ್ಲ. ಆ ಕಾಲದ ಎನ್‌ಇಎಫ್ ಫೈಲುಗಳು ಮಾತ್ರ ಇವತ್ತಿಗೂ ಎಲ್ಲ ಸಾಫ್ಟ್‌ವೇರ್‌ನಲ್ಲೂ ತೆರೆಯುತ್ತವೆ. ಬಟ್ಟೆ ಬಾಳಿಕೆ ಬಂತು, ಚೀಟಿ ಓದುವವರು ಇಲ್ಲವಾದರು. 2018ರ ಫೋಟೋಗಳನ್ನು ಎಡಿಟ್ ಮಾಡಿಟ್ಟಿರುವ ಹಾಸನದವರು ಮುಖ್ಯವಾದವನ್ನು ಈಗಲೇ ಟಿಫ್ ಮಾಡಿಡುವುದು ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ.

## ಬಿಡುವ ಮುಂಚೆ

ಹಳೆಯ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವಾಗಲೇ ಇದನ್ನೆಲ್ಲ ಮುಗಿಸಿಕೊಳ್ಳಬೇಕು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಎಲ್ಲ ಫೋಟೋ ಆರಿಸಿ ಕಂಟ್ರೋಲ್ ಎಸ್ ಒತ್ತಿದರೆ ಚೀಟಿಗಳು ಎಕ್ಸ್‌ಎಂಪಿಗೆ ಇಳಿಯುತ್ತವೆ. ಕ್ಯಾಟಲಾಗ್ ಸೆಟ್ಟಿಂಗ್ಸ್‌ನಲ್ಲಿ ಇದನ್ನು ತಾನಾಗಿಯೇ ಬರೆಯುವ ಹಾಗೆಯೂ ಮಾಡಬಹುದು. ಆಮೇಲೆ ಫೋಲ್ಡರ್ ತೆರೆದು ಕಣ್ಣಾರೆ ನೋಡಿ: ಡಿಎಸ್‌ಸಿ_1234.ಎನ್‌ಇಎಫ್ ಪಕ್ಕದಲ್ಲಿ ಡಿಎಸ್‌ಸಿ_1234.ಎಕ್ಸ್‌ಎಂಪಿ ಇರಬೇಕು. ಪೆನ್‌ಡ್ರೈವಿಗೆ ಹಾಕುವಾಗ ಎರಡನ್ನೂ ಹಾಕಿ. ಎನ್‌ಇಎಫ್‌ಗೆ ಹೊಸ ಹೆಸರು ಇಟ್ಟರೆ ಎಕ್ಸ್‌ಎಂಪಿಗೂ ಅದೇ ಹೆಸರು ಇಡಬೇಕು, ಇಲ್ಲದಿದ್ದರೆ ಜೋಡಿ ತಪ್ಪುತ್ತದೆ. ಡಾರ್ಕ್‌ಟೇಬಲ್ ತನ್ನ ಚೀಟಿಗೆ ಡಿಎಸ್‌ಸಿ_1234.ಎನ್‌ಇಎಫ್.ಎಕ್ಸ್‌ಎಂಪಿ ಅಂತ ಉದ್ದ ಹೆಸರು ಇಡುವುದರಿಂದ ಎರಡೂ ಒಂದೇ ಫೋಲ್ಡರ್‌ನಲ್ಲಿ ಜಗಳವಿಲ್ಲದೆ ಇರುತ್ತವೆ.

ವರ್ಚುವಲ್ ಕಾಪಿಗಳನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ. ಕಲೆಕ್ಷನ್ ಹೆಸರುಗಳನ್ನು ಕೀವರ್ಡ್ ಆಗಿ ಹಾಕಿಬಿಟ್ಟರೆ ಅವೂ ದಾಟುತ್ತವೆ. ಕ್ಯಾಟಲಾಗ್‌ನ ಬ್ಯಾಕಪ್ ಅಳಿಸಬೇಡಿ. ಇಡೀ ಸಂಗ್ರಹವನ್ನು ಒಂದೇ ಸಲ ಸಾಗಿಸುವ ಬದಲು ಒಂದು ಚಿಕ್ಕ ಫೋಲ್ಡರ್ ಆರಿಸಿ. ಅದರಲ್ಲಿ ಹೊರಾಂಗಣದ್ದು, ಛತ್ರದ ಒಳಗಿನದು, ಬ್ರಷ್ ಹಾಕಿದ್ದು ಎಲ್ಲ ಇರಲಿ. ಹೊಸ ಸಾಫ್ಟ್‌ವೇರ್‌ನಲ್ಲಿ ತೆರೆದು ಹಳೆಯ ಜೆಪೆಗ್ ಪಕ್ಕದಲ್ಲಿಟ್ಟು ಹೋಲಿಸಿ. ಆಲ್ಬಮ್ ಮುಗಿದ ಮದುವೆಗಳಿಗೆ ಮತ್ತೆ ಎಡಿಟ್ ಬೇಕಾಗುವುದು ಅಪರೂಪ, ಅವುಗಳಿಗೆ ರಾ ಜೊತೆ ಜೆಪೆಗ್ ಇದ್ದರೆ ಸಾಕು. ಅರ್ಧಕ್ಕೆ ನಿಂತ ಕೆಲಸವನ್ನು ಹಳೆಯ ಸಾಫ್ಟ್‌ವೇರ್‌ನಲ್ಲೇ ಮುಗಿಸಿ, ಹೊಸ ಕೆಲಸವನ್ನು ಹೊಸದರಲ್ಲಿ ಶುರು ಮಾಡಿ.

ಚಂದಾ ಆಗಲೇ ಮುಗಿದುಹೋಗಿದ್ದರೆ? ಗಾಬರಿ ಬೇಡ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಂದಾ ನಿಂತರೆ ಡೆವಲಪ್ ಮತ್ತು ಮ್ಯಾಪ್ ಭಾಗಗಳು ಮುಚ್ಚಿಕೊಳ್ಳುತ್ತವೆ. ಲೈಬ್ರರಿ ತೆರೆದೇ ಇರುತ್ತದೆ. ಫೋಟೋ ನೋಡಬಹುದು, ಹಿಂದೆ ಮಾಡಿದ ಎಡಿಟ್ ಸಮೇತ ಎಕ್ಸ್‌ಪೋರ್ಟ್ ಕೂಡ ಮಾಡಬಹುದು. ಅಂದರೆ ಟಿಫ್, ಜೆಪೆಗ್ ತೆಗೆದುಕೊಳ್ಳುವ ದಾರಿ ಇನ್ನೂ ಮುಚ್ಚಿಲ್ಲ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮುಂಚೆ ಆ ಕೆಲಸ ಮುಗಿಸಿಕೊಳ್ಳಿ.